ಕರೆಂಟ್ ಮುಗಿದ ಮೇಲಿನ ಕೆಮ್ಮು

ಸಂಕ್ರಾಂತಿ ಹೊತ್ತಿಗೆ ಎದೆಗೆ ಕೊನೆಯ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡು ಊರಿಗೆ ಮರಳಿದವರಿಗೆ ಕೆಮ್ಮು ಶುರುವಾಗುವುದು ಭರತ ಹುಣ್ಣಿಮೆ ಕಳೆದ ಮೇಲೆ, ಯುಗಾದಿಯ ಆಸುಪಾಸಿನಲ್ಲಿ. ಅಷ್ಟರಲ್ಲಿ ಸುಟ್ಟಂತಾಗಿದ್ದ ಚರ್ಮ ತಿಳಿಯಾಗಿರುತ್ತದೆ, ನಾಲಿಗೆಗೆ ರುಚಿ ಮರಳಿರುತ್ತದೆ, ಬಂದು ನೋಡಿ ಮಾತಾಡಿಸಿ ಹೋಗುವ ನೆಂಟರ ಸಾಲೂ ಕರಗಿರುತ್ತದೆ. ಹಾಗಾಗಿ ಈ ಒಣಕೆಮ್ಮನ್ನು ಯಾರೂ ಕ್ಯಾನ್ಸರ್ ಚಿಕಿತ್ಸೆಯ ಲೆಕ್ಕಕ್ಕೆ ಹಾಕುವುದಿಲ್ಲ. ಬಿಸಿಲು ಏರಿತು, ಧೂಳು ಎದ್ದಿತು, ನೀರು ಬದಲಾಯಿತು ಎಂದು ಕಾರಣ ಹುಡುಕುತ್ತಾರೆ. ಒಂದು ಸಿರಪ್ ಬಾಟಲಿ ಮುಗಿಯುತ್ತದೆ, ಇನ್ನೊಂದು ಬರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ, 'ಕ್ಯಾನ್ಸರ್ ಎದೆಗೆ ಇಳಿಯಿತು' ಎಂಬ ಭಯ ಮನೆಯೊಳಗೆ ಸದ್ದಿಲ್ಲದೆ ಬಂದು ಕೂರುತ್ತದೆ.

ಬಹಳ ಸಲ ಅದು ಕ್ಯಾನ್ಸರ್ ಅಲ್ಲ. ವಿಕಿರಣದಿಂದ ಶ್ವಾಸಕೋಶಕ್ಕೆ ಆದ ಉರಿಯೂತ. ವೈದ್ಯರು ಇದಕ್ಕೆ ರೇಡಿಯೇಷನ್ ನ್ಯುಮೊನೈಟಿಸ್ ಎನ್ನುತ್ತಾರೆ. ಹೆಸರು ನ್ಯುಮೋನಿಯಾದಂತೆ ಕೇಳಿಸಿದರೂ ಇದರ ಮೂಲ ರೋಗಾಣುವಲ್ಲ. ಆದ್ದರಿಂದ ಆಂಟಿಬಯೋಟಿಕ್‌ಗೆ ಇದು ಬಗ್ಗುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಕೊನೆಯ ಕರೆಂಟ್ ದಿನದಿಂದ ಲೆಕ್ಕ ಹಾಕಿದರೆ 4ರಿಂದ 12 ವಾರಗಳ ನಡುವೆ ಕಾಣಿಸಿಕೊಳ್ಳುವುದು ಹೆಚ್ಚು. ಕೆಲವರಿಗೆ ಆರು ತಿಂಗಳಿಗೂ ಬರಬಹುದು. ಹೊತ್ತಿಗೆ ಗುರುತಿಸಿದರೆ ಸಾಮಾನ್ಯ ಮಾತ್ರೆಗಳಲ್ಲೇ ಹೆಚ್ಚಿನವರಿಗೆ ಹಿಡಿತಕ್ಕೆ ಸಿಗುತ್ತದೆ. ಗುರುತಿಸುವುದೇ ಕಷ್ಟ. ಕೆಮ್ಮು ಶುರುವಾಗುವ ಹೊತ್ತಿಗೆ ರೋಗಿ ಇರುವುದು ಕರೆಂಟ್ ಕೊಟ್ಟ ಆಸ್ಪತ್ರೆಯಿಂದ ಬಹು ದೂರದಲ್ಲಿ. ಮೊದಲು ನೋಡುವ ವೈದ್ಯರಿಗೆ ಎದೆಗೆ ಕರೆಂಟ್ ಕೊಟ್ಟಿದ್ದೇ ಗೊತ್ತಿರುವುದಿಲ್ಲ.

ಉಚ್ಚಂಗಿದುರ್ಗದ ಕಡೆಯವರಿಗೆ ಇದು ಇನ್ನಷ್ಟು ನಿಜ. ದುರ್ಗ ಇರುವ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಆಮೇಲೆ ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆಯ ಬೋರ್ಡು ಎಷ್ಟು ಸಲ ಬದಲಾದರೂ ದುರ್ಗದವರು ಕಾಯಿಲೆ ಬಿದ್ದಾಗ ಹತ್ತುವುದು ದಾವಣಗೆರೆಯ ಬಸ್ಸನ್ನೇ. ಕ್ಯಾನ್ಸರ್ ಎಂದು ತಿಳಿದ ಮೇಲೆ ದಾರಿಗಳು ಕವಲೊಡೆಯುತ್ತವೆ: ಕೆಲವರು ದಾವಣಗೆರೆಯಲ್ಲೇ ಉಳಿಯುತ್ತಾರೆ, ಕೆಲವರು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಕೆಲವರು ಬಳ್ಳಾರಿಗೆ, ಬಹಳ ಮಂದಿ ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಾರೆ. 1973ರಲ್ಲಿ ಶುರುವಾದ ಕಿದ್ವಾಯಿ ಇವತ್ತಿಗೂ ಹಳ್ಳಿಗಾಡಿನ ಜನರಿಗೆ ಕ್ಯಾನ್ಸರ್ ಎಂದ ಕೂಡಲೇ ನೆನಪಾಗುವ ಮೊದಲ ಹೆಸರು. ಪರೀಕ್ಷೆ ಒಂದು ಊರಲ್ಲಿ, ಆಪರೇಷನ್ ಇನ್ನೊಂದು ಊರಲ್ಲಿ, ಕೀಮೋ, ಕರೆಂಟ್ ಮತ್ತೊಂದರಲ್ಲಿ ಆದ ರೋಗಿಯ ಕಾಗದಪತ್ರ ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಹಂಚಿಹೋಗಿರುತ್ತದೆ. ಕೆಮ್ಮು ಬಂದ ದಿನ ಕೈಗೆ ಸಿಗುವುದು ಮಾತ್ರ ಮೊನ್ನೆಯ ಸಿರಪ್ಪಿನ ಚೀಟಿ.

ಆದ್ದರಿಂದ ಈ ಲೇಖನದಿಂದ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಕರೆಂಟ್ ಮುಗಿಸಿ ಆಸ್ಪತ್ರೆ ಬಿಡುವ ದಿನವೇ ಚಿಕಿತ್ಸೆಯ ಸಾರಾಂಶ ಬರೆದ ಹಾಳೆಯನ್ನು ಕೇಳಿ ಪಡೆಯಿರಿ. ಅದರಲ್ಲಿ ದೇಹದ ಯಾವ ಭಾಗಕ್ಕೆ, ಎಡಕ್ಕೋ ಬಲಕ್ಕೋ, ಒಟ್ಟು ಎಷ್ಟು ಗ್ರೇ, ಎಷ್ಟು ದಿನಗಳಲ್ಲಿ ಕೊಟ್ಟರು, ಮೊದಲ ದಿನ ಮತ್ತು ಕೊನೆಯ ದಿನ ಯಾವುದು, ಜೊತೆಗೆ ಯಾವ ಕೀಮೋ ಔಷಧಿ ನಡೆದಿತ್ತು ಎಂಬುದಿರಬೇಕು. ಗ್ರೇ ಎಂದರೆ ವಿಕಿರಣದ ಅಳತೆ. ಸ್ತನ ಕ್ಯಾನ್ಸರಿಗೆ ಮೂರು ವಾರಗಳಲ್ಲಿ 15 ಸಲವಾಗಿ 40 ಗ್ರೇ ಕೊಡುವುದು ಈಗ ಸಾಮಾನ್ಯ. ಆ ಹಾಳೆಯ ಫೋಟೊ ಮನೆಯ ಎರಡು ಮೊಬೈಲ್‌ಗಳಲ್ಲಿರಲಿ. ಕರೆಂಟ್ ಶುರುವಾಗುವ ಮುನ್ನ ತೆಗೆದ ಸಿಟಿ ಸ್ಕ್ಯಾನ್‌ನ ಸಿಡಿ ಕೊಡುವುದಾದರೆ ಅದನ್ನೂ ಬಿಡಬೇಡಿ. ಮುಂದೆ ಎದೆಯಲ್ಲಿ ಏನಾದರೂ ನೆರಳು ಕಂಡಾಗ, ಅದು ಮೊದಲೇ ಇತ್ತೋ ಹೊಸದೋ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಹಾಳೆ ಕಳೆದಿದ್ದರೂ ಚಿಂತೆಯಿಲ್ಲ. ಕೆಮ್ಮಿಗೆಂದು ಯಾರ ಮುಂದೆ ಕೂತರೂ, ಅದು ಪ್ರಾಥಮಿಕ ಆರೋಗ್ಯ ಕೇಂದ್ರವೇ ಆಗಿರಲಿ, ಮೆಡಿಕಲ್ ಕಾಲೇಜೇ ಆಗಿರಲಿ, ಮೊದಲ ಮಾತು ಇದಾಗಿರಲಿ: 'ಇಂಥ ತಿಂಗಳಲ್ಲಿ ನನ್ನ ಎದೆಗೆ ಕರೆಂಟ್ ಕೊಟ್ಟಿದ್ದರು.'

ಒಳಗೆ ಆಗುವುದೇನು

ವಿಕಿರಣಕ್ಕೆ ಕ್ಯಾನ್ಸರ್ ಕೋಶ ಯಾವುದು, ಒಳ್ಳೆಯ ಕೋಶ ಯಾವುದು ಎಂಬ ಪಂಕ್ತಿಭೇದ ಗೊತ್ತಿಲ್ಲ. ಸ್ತನಕ್ಕೋ ಅನ್ನನಾಳಕ್ಕೋ ಗುರಿಯಿಟ್ಟ ಕಿರಣ ದಾರಿಯಲ್ಲಿ ಸಿಗುವ ಶ್ವಾಸಕೋಶದ ಒಂದಿಷ್ಟು ಭಾಗವನ್ನು ಹಾದೇ ಹೋಗಬೇಕು. ಶ್ವಾಸಕೋಶದೊಳಗಿನ ಉಸಿರುನಳಿಕೆಗಳ ತುದಿಯಲ್ಲಿ ಕೋಟ್ಯಂತರ ಗಾಳಿಚೀಲಗಳಿವೆ. ಉಸಿರು ಬಿಟ್ಟಾಗ ಅವು ಒಂದಕ್ಕೊಂದು ಅಂಟಿ ಮುಚ್ಚಿಹೋಗದಂತೆ ನೋಡಿಕೊಳ್ಳುವ ಜಾರು ದ್ರವವನ್ನು ತಯಾರಿಸುವ ಕೋಶಗಳು, ಚೀಲವನ್ನು ಸುತ್ತಿಕೊಂಡಿರುವ ಕೂದಲೆಳೆಗಿಂತ ತೆಳುವಾದ ರಕ್ತನಾಳಗಳು, ಇವೆರಡೂ ವಿಕಿರಣಕ್ಕೆ ಬೇಗ ನೋಯುತ್ತವೆ. ಆದರೆ ಏಟು ಬಿದ್ದ ಕೋಶ ಕೂಡಲೇ ಸಾಯುವುದಿಲ್ಲ. ಅದು ತನ್ನ ಪಾಡಿಗೆ ಇದ್ದು, ಮುಂದೆ ಒಂದು ದಿನ ಎರಡಾಗಿ ಒಡೆಯಬೇಕಾದಾಗ ಸೋಲುತ್ತದೆ. ಕೆಮ್ಮು ವಾರಗಟ್ಟಲೆ ತಡವಾಗಿ ಬರುವುದು ಇದರಿಂದಲೇ. ರಕ್ತನಾಳಗಳು ಸೋರುತ್ತವೆ, ಉರಿಯೂತದ ಕೋಶಗಳು ಬಂದು ತುಂಬಿಕೊಳ್ಳುತ್ತವೆ, ಗಾಳಿಗೆ ಇರಬೇಕಾದ ಜಾಗದಲ್ಲಿ ನೀರು ನಿಲ್ಲುತ್ತದೆ. ಇದು ಮೊದಲ ಹಂತ. ಆರು ತಿಂಗಳು ಕಳೆದ ಮೇಲೆ ಎರಡನೆಯದು: ಗಾಯ ಮಾಯುವಾಗ ನಾರಿನಂಥ ಕಲೆ ಕಟ್ಟಿಕೊಂಡು, ಸ್ಪಂಜಿನಂತಿದ್ದ ಆ ಭಾಗ ಗಡುಸಾಗುತ್ತದೆ. ಇದಕ್ಕೆ ಫೈಬ್ರೋಸಿಸ್ ಎಂದು ಹೆಸರು. ಕಲೆ ಕಟ್ಟುವುದು ಹೆಚ್ಚಾಗಿ ಎರಡು ವರ್ಷದ ಹೊತ್ತಿಗೆ ನಿಲ್ಲುತ್ತದೆ. ಕಟ್ಟಿದ್ದು ಮತ್ತೆ ಮೆದುವಾಗುವುದಿಲ್ಲ.

ಇದೇನೂ ಹೊಸ ಕಾಯಿಲೆಯಲ್ಲ. ರಾಂಟ್‌ಗನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಮೂವತ್ತು ವರ್ಷಗಳಾಗುವಷ್ಟರಲ್ಲಿ, 1925ರಲ್ಲಿ, ಇವಾನ್ಸ್ ಮತ್ತು ಲ್ಯೂಕುಷಿಯಾ ಎಂಬ ವೈದ್ಯರು ಎದೆಗೆ ವಿಕಿರಣ ಪಡೆದವರ ಶ್ವಾಸಕೋಶದಲ್ಲಾಗುವ ಬದಲಾವಣೆಗಳನ್ನು ಬರೆದಿಟ್ಟಿದ್ದರು. ನೂರು ವರ್ಷದ ತಿಳಿವಳಿಕೆ ತಾಲ್ಲೂಕು ಮಟ್ಟಕ್ಕೆ ಇನ್ನೂ ಪೂರ್ತಿ ಇಳಿದಿಲ್ಲ ಎನ್ನುವುದು ಬೇರೆ ಮಾತು.

ಕರೆಂಟ್ ಕೊಡಿಸಿಕೊಂಡವರೆಲ್ಲ ಹೆದರಬೇಕಾಗಿಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಹೊಟ್ಟೆಯ ಕೆಳಭಾಗಕ್ಕೆ ಕೊಟ್ಟಿದ್ದರೆ ಅದು ಶ್ವಾಸಕೋಶವನ್ನು ಮುಟ್ಟುವುದೇ ಇಲ್ಲ. ಅಂಥವರ ಕೆಮ್ಮಿಗೆ ಬೇರೆ ಕಾರಣ ಹುಡುಕಬೇಕು. ಬಾಯಿಯ ಕ್ಯಾನ್ಸರಿಗೆ ಮುಖ, ಕುತ್ತಿಗೆಗೆ ಕೊಟ್ಟಿದ್ದರೂ ಶ್ವಾಸಕೋಶದ ನೆತ್ತಿಗೆ ಒಂಚೂರು ತಾಗಬಹುದು ಅಷ್ಟೆ. ಈ ತೊಂದರೆ ಬರುವುದು ಸ್ತನ, ಶ್ವಾಸಕೋಶ, ಅನ್ನನಾಳ, ಎದೆಗೂಡಿನೊಳಗಿನ ಗ್ರಂಥಿಗಳ ಕ್ಯಾನ್ಸರಿಗೆ ಕರೆಂಟ್ ಪಡೆದವರಿಗೆ. ಅವರಲ್ಲೂ ಎಲ್ಲರದು ಒಂದೇ ಲೆಕ್ಕವಲ್ಲ. ಸ್ತನ ಕ್ಯಾನ್ಸರಿನವರಲ್ಲಿ ಕೆಮ್ಮು, ದಮ್ಮಿನವರೆಗೆ ಹೋಗುವವರು ನೂರಕ್ಕೆ ಬೆರಳೆಣಿಕೆಯಷ್ಟು. ಶ್ವಾಸಕೋಶದ ಕ್ಯಾನ್ಸರಿಗೆ ಕೀಮೋ ಮತ್ತು ಕರೆಂಟ್ ಒಟ್ಟಿಗೆ ಪಡೆದವರಲ್ಲಿ ಹೆಚ್ಚು: 836 ರೋಗಿಗಳ ವಿವರಗಳನ್ನು ಕಲೆಹಾಕಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಲಕ್ಷಣಗಳು ಕಂಡಿದ್ದವು, ನೂರಕ್ಕೆ ಹೆಚ್ಚುಕಡಿಮೆ ಇಬ್ಬರಿಗೆ ಅದೇ ಸಾವಿಗೆ ಕಾರಣವಾಗಿತ್ತು. ವಯಸ್ಸಾದವರಿಗೆ, ಮೊದಲೇ ಶ್ವಾಸಕೋಶದ ಕಾಯಿಲೆಯಿದ್ದವರಿಗೆ, ಅದರಲ್ಲೂ ಶ್ವಾಸಕೋಶದಲ್ಲಿ ಮೊದಲೇ ನಾರು ಕಟ್ಟಿದ್ದವರಿಗೆ ಅಪಾಯ ಹೆಚ್ಚು.

ಟಿಬಿಯ ನೆರಳು

ನಮ್ಮ ಕಡೆಯ ಮಟ್ಟಿಗೆ ಈ ಕಾಯಿಲೆಯ ದೊಡ್ಡ ಗೊಂದಲ ಇಲ್ಲಿದೆ. ಮೂರು ವಾರದ ಕೆಮ್ಮು, ಸಂಜೆಗೆ ಸಣ್ಣ ಜ್ವರ, ಸುಸ್ತು, ಎಕ್ಸ್-ರೇಯಲ್ಲಿ ಶ್ವಾಸಕೋಶದ ನೆತ್ತಿಯ ಭಾಗದಲ್ಲಿ ಬಿಳಿ ನೆರಳು. ಇಷ್ಟು ಕಂಡರೆ ಕರ್ನಾಟಕದ ಯಾವ ವೈದ್ಯರ ತಲೆಗೂ ಮೊದಲು ಬರುವುದು ಟಿಬಿ. ಬರಬೇಕಾದದ್ದೇ. ಆದರೆ ಸ್ತನ ಕ್ಯಾನ್ಸರ್ ಕಂಕುಳಿನ ಗಂಟುಗಳಿಗೂ ಹಬ್ಬಿದ್ದರೆ, ಕಾಲರ್ ಮೂಳೆಯ ಮೇಲಿನ ಭಾಗಕ್ಕೂ ಕರೆಂಟ್ ಕೊಡುತ್ತಾರೆ. ಆ ಕಿರಣದ ಹಾದಿಯಲ್ಲಿ ಸಿಗುವುದು ಶ್ವಾಸಕೋಶದ ಅದೇ ನೆತ್ತಿ. ಟಿಬಿಗೂ ಅದೇ ಜಾಗ ಇಷ್ಟ. ಹೀಗಾಗಿ ಕಫದಲ್ಲಿ ಟಿಬಿಯ ರೋಗಾಣು ಸಿಗದಿದ್ದರೂ ನೆರಳು ನೋಡಿಯೇ ಆರು ತಿಂಗಳ ಟಿಬಿ ಮಾತ್ರೆ ಶುರುವಾಗುವ ಸಾಧ್ಯತೆ ಇದ್ದೇ ಇದೆ. ಆ ಮಾತ್ರೆಗಳಿಂದ ಉರಿಯೂತ ಇಳಿಯುವುದಿಲ್ಲ. ಕೀಮೋ ಕಂಡು ಬಳಲಿದ ಯಕೃತ್ತಿಗೆ ಇನ್ನೊಂದು ಹೊರೆ ಮಾತ್ರ.

ಇದರ ತಿರುಗುಮುರುಗೂ ಅಷ್ಟೇ ಅಪಾಯ. ನಿಜಕ್ಕೂ ಟಿಬಿ ಇರುವವರಿಗೆ ಕರೆಂಟಿನ ಉರಿಯೂತ ಎಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಟಿಬಿ ಕೆರಳಿ ಎದ್ದು ನಿಲ್ಲುತ್ತದೆ. ಎರಡೂ ಒಟ್ಟಿಗೆ ಇರಲೂಬಹುದು. ಆದ್ದರಿಂದ ಕಫದ ಪರೀಕ್ಷೆಯನ್ನು ತಪ್ಪಿಸಿಕೊಳ್ಳಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಸಿಬಿನಾಟ್, ಟ್ರೂನಾಟ್ ಯಂತ್ರಗಳ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಉತ್ತರ ಕೊಡುತ್ತದೆ. ಕರೆಂಟಿನ ಕೆಮ್ಮು ಒಣಕೆಮ್ಮು, ಕಫ ಬರುವುದೇ ಕಡಿಮೆ. ಬಾರದಿದ್ದರೆ 'ಬರಲಿಲ್ಲ' ಎಂದೇ ಹೇಳಿ. ಡಬ್ಬಿಗೆ ಎಂಜಲು ಉಗಿದು ಕೊಟ್ಟರೆ ಆ ಫಲಿತಾಂಶಕ್ಕೆ ಬೆಲೆಯಿಲ್ಲ.

ನೆರಳನ್ನು ಓದುವುದರಲ್ಲಿ ಒಂದು ಗುಟ್ಟಿದೆ. ಸೋಂಕು ಶ್ವಾಸಕೋಶದ ಹಾಲೆಗಳ ಸಹಜ ಗಡಿಗಳನ್ನು ಅನುಸರಿಸುತ್ತದೆ. ವಿಕಿರಣದ ನೆರಳು ಆ ಗಡಿಗಳನ್ನು ಲೆಕ್ಕಿಸುವುದಿಲ್ಲ. ಕಿರಣ ಎಲ್ಲಿ ಬಿದ್ದಿತ್ತೋ ಅಲ್ಲಿಗೆ, ಸ್ಕೇಲಿಟ್ಟು ಗೆರೆ ಎಳೆದಂತೆ ನೇರ ಅಂಚಿನಲ್ಲಿ ನಿಲ್ಲುತ್ತದೆ. ಎಕ್ಸ್-ರೇಗಿಂತ ಸಿಟಿ ಸ್ಕ್ಯಾನಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕಿರಣ ಎಲ್ಲಿ ಬಿತ್ತೆಂದು ತೋರಿಸುವ, ಕರೆಂಟ್ ಕೊಟ್ಟ ಆಸ್ಪತ್ರೆಯ ನಕ್ಷೆ ಪಕ್ಕದಲ್ಲಿದ್ದರಂತೂ ವೈದ್ಯರ ಕೆಲಸ ಅರ್ಧ ಮುಗಿದ ಹಾಗೆ. ಆದರೂ ಇದು ಪಕ್ಕಾ ಸೂತ್ರವಲ್ಲ. ಸ್ತನ ಕ್ಯಾನ್ಸರಿಗೆ ಕರೆಂಟ್ ಪಡೆದ ಕೆಲವರಿಗೆ ಕಿರಣ ತಾಗದ ಕಡೆಯಲ್ಲೂ, ಇನ್ನೊಂದು ಬದಿಯ ಶ್ವಾಸಕೋಶದಲ್ಲೂ ಉರಿಯೂತದ ತೇಪೆಗಳು ಕಾಣಿಸಿಕೊಳ್ಳುವುದುಂಟು. ಇದು ಕರೆಂಟಿನದೇ ಎಂದು ಸಾರಿ ಹೇಳುವ ರಕ್ತಪರೀಕ್ಷೆಯಾಗಲೀ ಬೇರೆ ಪರೀಕ್ಷೆಯಾಗಲೀ ಇಲ್ಲ. ಸೋಂಕಲ್ಲ, ಟಿಬಿಯಲ್ಲ, ಕ್ಯಾನ್ಸರ್ ಮರುಕಳಿಸಿದ್ದಲ್ಲ, ಹೃದಯದ ತೊಂದರೆಯಲ್ಲ, ಶ್ವಾಸಕೋಶಕ್ಕೆ ಹೆಪ್ಪುಗಟ್ಟಿದ ರಕ್ತ ಬಂದು ಸಿಕ್ಕಿದ್ದಲ್ಲ ಎಂದು ಒಂದೊಂದನ್ನೇ ತಳ್ಳಿಹಾಕುತ್ತ ಬಂದು ವೈದ್ಯರು ಇಲ್ಲಿ ನಿಲ್ಲುತ್ತಾರೆ. ಒಂದೇ ಭೇಟಿಯಲ್ಲಿ ಉತ್ತರ ಸಿಗದಿದ್ದರೆ ಸಿಡಿಮಿಡಿಗೊಳ್ಳಬೇಡಿ.

ಯಾವಾಗ ಹೊರಡಬೇಕು

ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಷ್ಟೋ ಮನೆಗಳ ಕಪಾಟಿನಲ್ಲಿ ಬಿದ್ದಿದೆ. ಸೆಲ್ ಬದಲಿಸಿ ಈಗ ಹೊರತೆಗೆಯಿರಿ. ಕರೆಂಟ್ ಮುಗಿದು ಊರಿಗೆ ಬಂದ ವಾರವೇ, ಆರಾಮಾಗಿದ್ದಾಗ, ಕೂತು ಒಮ್ಮೆ ನೋಡಿ ಬರೆದಿಡಿ. ಮನೆಯಂಗಳದಲ್ಲಿ ಆರು ನಿಮಿಷ ನಡೆದು ಮತ್ತೊಮ್ಮೆ ನೋಡಿ ಬರೆದಿಡಿ. ನಿಮ್ಮ ಸಹಜ ಅಂಕಿ ಅದು. ಈ ಕಾಯಿಲೆಯಲ್ಲಿ ಕೂತಾಗ ಎಲ್ಲ ಸರಿಯಿದ್ದು ನಡೆದಾಗ ಮಾತ್ರ ಅಂಕಿ ಕುಸಿಯುವುದುಂಟು. ನಾಲ್ಕು ಅಥವಾ ಹೆಚ್ಚು ಇಳಿದರೆ ಅದು ಎಚ್ಚರಿಕೆಯ ಗಂಟೆ. ಉಗುರಿನ ಬಣ್ಣ ಇದ್ದರೆ, ಕೈ ತಣ್ಣಗಿದ್ದರೆ ಯಂತ್ರ ಸುಳ್ಳು ಹೇಳುತ್ತದೆ, ಅದೂ ನೆನಪಿರಲಿ.

ಹತ್ತು ದಿನ ಕಳೆದರೂ ಬಿಡದ ಒಣಕೆಮ್ಮು, ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ದಮ್ಮು, ಕಾರಣ ಕಾಣದ ಸಣ್ಣ ಜ್ವರ, ಉಸಿರೆಳೆದಾಗ ಎದೆಯಲ್ಲಿ ಹಿಡಿದಂಥ ನೋವು. ಕರೆಂಟ್ ಆದ ಆರು ತಿಂಗಳೊಳಗೆ ಇವುಗಳಲ್ಲಿ ಯಾವುದು ಕಂಡರೂ ಆ ವಾರದಲ್ಲೇ ಹರಪನಹಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್-ರೇ, ಕಫ, ರಕ್ತದ ಪರೀಕ್ಷೆ ಮಾಡಿಸಿ. ಜೊತೆಜೊತೆಗೇ ಕರೆಂಟ್ ಕೊಟ್ಟ ಆಸ್ಪತ್ರೆಗೆ ಫೋನ್ ಮಾಡಿ. ಮುಂದಿನ ತಪಾಸಣೆಯ ದಿನ ದೂರವಿದೆ ಎಂದು ಕಾಯಬೇಡಿ. ಸಿಟಿ ಸ್ಕ್ಯಾನು, ಶ್ವಾಸಕೋಶ ತಜ್ಞರು ಬೇಕೆಂದರೆ ದುರ್ಗದವರಿಗೆ ದಾವಣಗೆರೆಯೇ ಹತ್ತಿರ. ಅಲ್ಲಿನ ಜಿಲ್ಲಾ ಆಸ್ಪತ್ರೆಯ ಹೆಸರಿನಲ್ಲಿರುವ ಚಿಗಟೇರಿ, ಇದೇ ಹರಪನಹಳ್ಳಿ ತಾಲ್ಲೂಕಿನ ಊರು ಎಂಬುದು ಬಹಳ ಮಂದಿಗೆ ಮರೆತೇಹೋಗಿದೆ.

ಕೂತಲ್ಲೇ ದಮ್ಮು, ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಏದುಸಿರು, ತುಟಿ ನೀಲಿ, ಆಕ್ಸಿಮೀಟರ್ 92ಕ್ಕಿಂತ ಕೆಳಗೆ, ಕಫದಲ್ಲಿ ರಕ್ತ, ಒಂದು ಕಾಲು ಮಾತ್ರ ಊದಿಕೊಂಡು ಹಠಾತ್ತನೆ ಉಸಿರು ಕಟ್ಟುವುದು, ಇವಕ್ಕೆ ಬೆಳಗಾಗಲಿ ಎಂದು ಕೂರುವಂತಿಲ್ಲ. 108ಕ್ಕೆ ಕರೆ ಮಾಡಿ. ತುರ್ತೋ ಅಲ್ಲವೋ ಎಂದು ಅನುಮಾನವಿದ್ದರೆ 104 ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಕೇಳಬಹುದು.

ಇನ್ನೊಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು. ಕೆಮ್ಮು, ದಮ್ಮು ಎಂದ ಕೂಡಲೇ ಒಂದು ಸೂಜಿ ಚುಚ್ಚಿ ಕಳಿಸುವ ಪದ್ಧತಿ ಹಳ್ಳಿಗಳಲ್ಲಿ ಉಂಟು. ಆ ಸೂಜಿಯಲ್ಲಿ ಬಹಳ ಸಲ ಇರುವುದು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್. ಮಾರನೇ ದಿನ ಕೆಮ್ಮು ಮಾಯವಾಗುತ್ತದೆ, 'ಒಂದೇ ಸೂಜಿಗೆ ಗುಣ' ಎಂಬ ಮಾತು ಹಬ್ಬುತ್ತದೆ, ನಾಲ್ಕು ದಿನಕ್ಕೆ ಕೆಮ್ಮು ಮರಳುತ್ತದೆ, ಮತ್ತೆ ಸೂಜಿ. ಹೀಗೆ ಉರಿಯೂತ ಪೂರ್ತಿ ಆರದೆ, ಪೂರ್ತಿ ಕಾಣಿಸಿಕೊಳ್ಳದೆ ಎಳೆದಾಡುತ್ತದೆ. ಎಕ್ಸ್-ರೇ ತೆಗೆಸುವ ಹೊತ್ತಿಗೆ ಏನು ಎತ್ತ ಎಂದು ತಜ್ಞರಿಗೂ ತಿಳಿಯದಂತಾಗುತ್ತದೆ. ಏನು ಚುಚ್ಚಿದರು ಎಂದು ಕೇಳಿ, ಹೆಸರು ಬರೆಸಿಕೊಳ್ಳಿ. ಬರೆದುಕೊಡದವರ ಹತ್ತಿರ ಚುಚ್ಚಿಸಿಕೊಳ್ಳಬೇಡಿ.

ಸ್ಟೀರಾಯ್ಡ್: ಕೈಹಿಡಿದರೆ ಬಿಡುವಾಗಲೂ ಲೆಕ್ಕ ಬೇಕು

ಎಕ್ಸ್-ರೇಯಲ್ಲಿ ನೆರಳಿದ್ದೂ ರೋಗಿಗೆ ಏನೂ ಅನಿಸದಿದ್ದರೆ ಔಷಧಿಯೇ ಬೇಡ, ಕಣ್ಣಿಟ್ಟಿದ್ದರೆ ಸಾಕು. ದಮ್ಮು, ಕೆಮ್ಮು ದಿನದ ಬದುಕಿಗೆ ಅಡ್ಡಬಂದರೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ರೂಢಿಯ ಪ್ರಮಾಣ ದೇಹದ ತೂಕದ ಒಂದೊಂದು ಕಿಲೋಗೆ ದಿನಕ್ಕೆ ಅರ್ಧದಿಂದ 1 ಮಿಲಿಗ್ರಾಂ. ಎರಡು ವಾರಗಳ ನಂತರ ಮೆಲ್ಲಮೆಲ್ಲನೆ ಇಳಿಸುತ್ತ ಒಟ್ಟು ಎರಡು ಮೂರು ತಿಂಗಳು ಎಳೆಯುತ್ತಾರೆ. ಇದು ದುಬಾರಿ ಔಷಧಿಯಲ್ಲ, ಜನೌಷಧಿ ಅಂಗಡಿಗಳಲ್ಲೂ ಸಿಗುತ್ತದೆ. ಕೆಲವೇ ದಿನಗಳಲ್ಲಿ ಹಗುರಾಗುವುದರಿಂದ ಇದರ ಮೇಲೆ ಜನರಿಗೆ ಬೇಗ ನಂಬಿಕೆ ಬರುತ್ತದೆ, ಬೇಗ ಬೇಜಾರೂ ಬರುತ್ತದೆ. ಮುಖ ದುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, ನಿದ್ದೆ ಹಾರುತ್ತದೆ. 'ಕೆಮ್ಮು ಹೋಯ್ತಲ್ಲ' ಎಂದು ಮಾತ್ರೆ ಬಿಟ್ಟುಬಿಡುತ್ತಾರೆ.

ಹಾಗೆ ಬಿಟ್ಟರೆ ಎರಡು ಪೆಟ್ಟು. ಅಡಗಿದ್ದ ಉರಿಯೂತ ಮೊದಲಿಗಿಂತ ಜೋರಾಗಿ ಮರಳಬಹುದು. ದೇಹ ತಾನೇ ತಯಾರಿಸಬೇಕಾದ ಸ್ಟೀರಾಯ್ಡ್ ಆ ಹೊತ್ತಿಗೆ ನಿಂತುಹೋಗಿರುವುದರಿಂದ ವಾಂತಿ, ತಲೆಸುತ್ತು, ರಕ್ತದೊತ್ತಡದ ಕುಸಿತವೂ ಆಗಬಹುದು. ಇಳಿಸುವ ಲೆಕ್ಕವನ್ನು ವೈದ್ಯರಿಂದ ವಾರವಾರಕ್ಕೆ ಬರೆಸಿಕೊಂಡು ಕ್ಯಾಲೆಂಡರ್ ಮೇಲೆ ಗುರುತು ಹಾಕಿಡಿ. ಇಳಿಸುವಾಗ ಕೆಮ್ಮು ಮರಳಿದರೆ ನೀವೇ ಏರಿಸಬೇಡಿ, ಫೋನ್ ಮಾಡಿ.

ಮಾತ್ರೆ ಬೆಳಗಿನ ತಿಂಡಿ ಆದ ಮೇಲೆ. ರಾತ್ರಿ ತೆಗೆದುಕೊಂಡರೆ ನಿದ್ದೆ ಬರುವುದಿಲ್ಲ. ಸಕ್ಕರೆ ಕಾಯಿಲೆಯವರು ವಾರಕ್ಕೆ ಎರಡು ಮೂರು ಸಲವಾದರೂ ಸಕ್ಕರೆ ನೋಡಿಸಿಕೊಳ್ಳಬೇಕು, ಅದರಲ್ಲೂ ಮಧ್ಯಾಹ್ನದ ಊಟದ ನಂತರದ್ದನ್ನು. ಸಕ್ಕರೆ ಇಲ್ಲದವರಿಗೂ ಹೊಸದಾಗಿ ಕಾಣಿಸಿಕೊಳ್ಳಬಹುದು. ಬಾಯಲ್ಲಿ ಬಿಳಿ ಪದರ, ಮಲ ಕಪ್ಪಾಗುವುದು, ಕಣ್ಣು ಮಂಜಾಗುವುದು ಕಂಡರೆ ಹೇಳಿ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರಮಾಣ ತಿಂಗಳಿಗೂ ಮೀರಿ ನಡೆಯುವುದಾದರೆ, ಒಂದು ವಿಶೇಷ ಬಗೆಯ ನ್ಯುಮೋನಿಯಾ ತಡೆಯಲು ಇನ್ನೊಂದು ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ. ಮನೆಯಲ್ಲಿ ಯಾರಿಗಾದರೂ ಹಿಂದೆ ಟಿಬಿ ಆಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ದುರ್ಗದ ಬದುಕಿನಲ್ಲಿ

ಉಚ್ಚಂಗಿದುರ್ಗದಲ್ಲಿ ದಮ್ಮಿನ ವಿಷಯ ಬೆಟ್ಟದ ಮೆಟ್ಟಿಲನ್ನು ಬಿಟ್ಟು ಮಾತಾಡಲಾಗದು. ಕಾಯಿಲೆ ವಾಸಿಯಾದರೆ ಹತ್ತಿ ಬರುತ್ತೇನೆ ಎಂದು ಬೆಟ್ಟದ ಮೇಲಿನ ದೇವಿ ಉಚ್ಚೆಂಗೆಮ್ಮನಿಗೆ ಹರಕೆ ಹೊತ್ತವರು ಸುತ್ತಲ ಊರುಗಳಲ್ಲಿ ಎಷ್ಟೋ. ಕರೆಂಟ್ ಮುಗಿದ ಮೊದಲ ಮೂರು ತಿಂಗಳು, ಕೆಮ್ಮಿರುವಾಗ, ಸ್ಟೀರಾಯ್ಡ್ ನಡೆಯುತ್ತಿರುವಾಗ ಆ ಹರಕೆಯನ್ನು ಮುಂದೂಡಿ, ದೇವಿ ಕಾಯುತ್ತಾಳೆ. ಜಾತ್ರೆಯ ಜನಜಂಗುಳಿ, ಎರಚುವ ಭಂಡಾರದ ಪುಡಿ, ಧೂಪದ ಹೊಗೆ ಉರಿಯೂತವಿರುವ ಶ್ವಾಸಕೋಶಕ್ಕೆ ಆಗಿಬರುವುದಿಲ್ಲ. ಸ್ಟೀರಾಯ್ಡ್ ಸೇವಿಸುವವರಿಗೆ ಸೋಂಕಿನ ಭಯ ಬೇರೆ. ಚೇತರಿಸಿದ ಮೇಲೆ ಹತ್ತಬಹುದು: ಬೆಳಗಿನ ತಂಪಿನಲ್ಲಿ, ಅವಸರವಿಲ್ಲದೆ, ಹತ್ತಾರು ಮೆಟ್ಟಿಲಿಗೊಮ್ಮೆ ಕೂತು. ಮೂಗಿನಿಂದ ಎಳೆದು, ಸೀಟಿ ಹಾಕುವಂತೆ ತುಟಿ ಕೂಡಿಸಿ, ಎಳೆದದ್ದರ ಎರಡರಷ್ಟು ಹೊತ್ತು ನಿಧಾನವಾಗಿ ಬಿಡುವ ಉಸಿರಾಟವನ್ನು ಮನೆಯಲ್ಲೇ ರೂಢಿಸಿಕೊಂಡರೆ ಮೆಟ್ಟಿಲಿನ ಮೇಲೆ ಕೈಹಿಡಿಯುತ್ತದೆ. ಕಪಾಲಭಾತಿಯಂಥ ರಭಸದ ಪ್ರಾಣಾಯಾಮ ಈ ಹಂತಕ್ಕೆ ಬೇಡ.

ಹೊಗೆಯ ಮಾತು ಬೇರೆ. ಸೌದೆ ಒಲೆಯ ಮುಂದೆ ಕೂರುವುದನ್ನು ರೋಗಿಗೆ ಆರು ತಿಂಗಳಾದರೂ ತಪ್ಪಿಸಿ. ಸ್ತನ ಕ್ಯಾನ್ಸರಿನ ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತನ್ನು ಮನೆಯ ಗಂಡಸರಿಗೇ ಹೇಳಬೇಕಾಗುತ್ತದೆ, ಯಾಕೆಂದರೆ ಆಕೆ ತಾನಾಗಿ ಒಲೆ ಬಿಟ್ಟು ಏಳುವುದಿಲ್ಲ. ಮೆಕ್ಕೆಜೋಳದ ಒಕ್ಕಣೆಯ ಯಂತ್ರದ ಹತ್ತಿರ ಸುಳಿಯಬಾರದು. ಆ ಧೂಳಿಗೆ ಒದ್ದೆ ಟವೆಲ್ ಸಾಲದು. ಧೂಮಪಾನಿಗಳಲ್ಲಿ ಈ ಉರಿಯೂತ ಕಡಿಮೆ ಎಂದು ಕೆಲವು ಅಧ್ಯಯನಗಳಲ್ಲಿ ಕಂಡದ್ದುಂಟು. ವಾಟ್ಸ್ಆ್ಯಪ್‌ನಲ್ಲಿ ಯಾರಾದರೂ ಕಳಿಸಿದರೆ ಅದನ್ನೇ ನೆಪ ಮಾಡಿಕೊಳ್ಳಬೇಡಿ. ಸೇದುವುದು ಮುಂದುವರಿದರೆ ಉಳಿದ ಶ್ವಾಸಕೋಶವೂ ಹೋಗುತ್ತದೆ, ಕ್ಯಾನ್ಸರ್ ಮರಳುವ ದಾರಿಯೂ ತೆರೆಯುತ್ತದೆ. ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ಉಚಿತ ದೂರವಾಣಿಯಿದೆ.

ಅರಿಸಿನದ ಹಾಲು, ಕಷಾಯ ಗಂಟಲಿಗೆ ಹಿತ, ಕುಡಿಯಲಿ. ಹಬೆಯೂ ಗಂಟಲಿನವರೆಗೆ ಮಾತ್ರ, ಗಾಳಿಚೀಲದ ಉರಿಯೂತಕ್ಕೆ ಅದು ಮುಟ್ಟುವುದಿಲ್ಲ. ಹೆಸರಿಲ್ಲದ ಪುಡಿ, ಭಸ್ಮಗಳನ್ನು ಮಾತ್ರ ದೂರವಿಡಿ.

ಕರೆಂಟ್ ಶುರುವಾಗುವ ಮುನ್ನ

ಇಷ್ಟೆಲ್ಲ ಓದಿ 'ಹಾಗಾದರೆ ಕರೆಂಟೇ ಬೇಡ' ಎಂದುಕೊಳ್ಳುವವರಿಗೆ ಒಂದು ಲೆಕ್ಕ. ಗಂಟನ್ನಷ್ಟೇ ತೆಗೆದು ಸ್ತನ ಉಳಿಸಿದ ಆಪರೇಷನ್ನಿನ ನಂತರ ಕರೆಂಟ್ ಕೊಡದಿದ್ದರೆ ಹತ್ತು ವರ್ಷಗಳಲ್ಲಿ ನೂರಕ್ಕೆ 35 ಮಂದಿಗೆ ಕ್ಯಾನ್ಸರ್ ಮರುಕಳಿಸಿತ್ತು, ಕೊಟ್ಟಾಗ 19 ಮಂದಿಗೆ. ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಅಂಕಿ-ಅಂಶಗಳಿಂದ 2011ರಲ್ಲಿ ತಿಳಿದ ವಿಷಯ ಇದು. ಇದರ ಮುಂದೆ ಕೆಮ್ಮಿನ ಅಪಾಯ ಸಣ್ಣದು. ಬಿಡಬೇಕಾದದ್ದು ಚಿಕಿತ್ಸೆಯನ್ನಲ್ಲ, ಪ್ರಶ್ನೆ ಕೇಳಲು ಇರುವ ಸಂಕೋಚವನ್ನು.

ಹಿಂದೆ ಟಿಬಿ, ಅಸ್ತಮಾ ಆಗಿತ್ತೇ, ಕೀಲುವಾತದಂಥ ಕಾಯಿಲೆಯಿದೆಯೇ, ಮೊದಲು ಎಂದಾದರೂ ಕರೆಂಟ್ ಆಗಿತ್ತೇ, ಇದನ್ನು ನೀವೇ ಹೇಳಿ. 'ನನ್ನ ಶ್ವಾಸಕೋಶಕ್ಕೆ ಎಷ್ಟು ಬೀಳುತ್ತದೆ?' ಎಂದು ಕೇಳಿ. ವೈದ್ಯರು ಲೆಕ್ಕ ಹಾಕುವುದು ಹೀಗೆ: 20 ಗ್ರೇ ಅಥವಾ ಹೆಚ್ಚು ಪಡೆಯುವ ಶ್ವಾಸಕೋಶದ ಪಾಲು ನೂರಕ್ಕೆ 30-35ನ್ನು ದಾಟಬಾರದು, ಇಡೀ ಶ್ವಾಸಕೋಶದ ಸರಾಸರಿ 20 ಗ್ರೇ ಮೀರಬಾರದು. ಸ್ತನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಕಡಿಮೆ ಬೀಳುತ್ತದೆ. ಎಡ ಸ್ತನವಾದರೆ ದೀರ್ಘ ಉಸಿರೆಳೆದು ಹಿಡಿದು ಕರೆಂಟ್ ಪಡೆಯುವ ವಿಧಾನ ಆ ಆಸ್ಪತ್ರೆಯಲ್ಲಿದೆಯೇ ಕೇಳಿ. ಹೃದಯ ಕಿರಣದಿಂದ ದೂರ ಸರಿಯುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಕಿರಣದ ತೀವ್ರತೆಯನ್ನು ಜಾಗಜಾಗಕ್ಕೆ ಬದಲಿಸುವ ಐಎಂಆರ್‌ಟಿ ವಿಧಾನದಲ್ಲಿ ತೀವ್ರ ನ್ಯುಮೊನೈಟಿಸ್ ನೂರಕ್ಕೆ 7.9ರಿಂದ 3.5ಕ್ಕೆ ಇಳಿದದ್ದು ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ ಕಂಡಿದೆ. ಹಾಗೆಂದು ಹಳೆಯ ಯಂತ್ರದ ಸರ್ಕಾರಿ ಆಸ್ಪತ್ರೆ ಬಿಟ್ಟು ಹೊಲ ಮಾರಿ ಓಡಬೇಕಾಗಿಲ್ಲ. ಎಷ್ಟೋ ಸ್ತನ ಕ್ಯಾನ್ಸರುಗಳಿಗೆ ಸರಳ ಯೋಜನೆಯೇ ಸಾಕಾಗುತ್ತದೆ.

ಹಣದ ವಿಷಯ ಎರಡೇ ಮಾತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ದಾಖಲಾದರೆ ಒದಗುತ್ತದೆ, ಹೊರರೋಗಿ ಮಾತ್ರೆ, ಬಸ್ ಖರ್ಚು ಸಾಮಾನ್ಯವಾಗಿ ಕೈಯಿಂದಲೇ. ಚಿಕಿತ್ಸೆಗೆ, ತಪಾಸಣೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ, ಜೊತೆಗೊಬ್ಬರಿಗೆ ಶೇ 75 ರಿಯಾಯಿತಿಯಿದೆ. ಆಸ್ಪತ್ರೆಯವರು ನಮೂನೆಗೆ ಸಹಿ ಹಾಕಿಕೊಡಬೇಕು. ಹರಪನಹಳ್ಳಿಗೆ ರೈಲು ಬಂದ ಮೇಲೂ ಇದನ್ನು ಬಳಸದೆ ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಹೋಗುವವರಿದ್ದಾರೆ.

ಕಲೆ ಉಳಿದವರಿಗೆ

ವರ್ಷ ಕಳೆದ ಮೇಲೆ ಉಳಿಯುವ ನಾರಿನ ಕಲೆಗೆ ಸ್ಟೀರಾಯ್ಡ್‌ನಿಂದ ಪ್ರಯೋಜನವಿಲ್ಲ. ಕಲೆ ಚಿಕ್ಕದಾದರೆ ಅದು ಇದೆ ಎಂಬುದೇ ಎಕ್ಸ್-ರೇ ತೆಗೆಸುವವರೆಗೆ ಗೊತ್ತಾಗುವುದಿಲ್ಲ. ದೊಡ್ಡದಾಗಿ ದಮ್ಮು ಉಳಿದವರಿಗೆ ದಿನವೂ ಅಳತೆಯ ನಡಿಗೆ, ಉಸಿರಾಟದ ವ್ಯಾಯಾಮ, ತೂಕ ಇಳಿಯದಂಥ ಊಟ, ಕೆಲವರಿಗೆ ಮನೆಯಲ್ಲಿ ಆಕ್ಸಿಜನ್. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರು ಹೇಳಿದ ಹೊತ್ತಿಗೆ ನ್ಯುಮೊಕಾಕಲ್ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಇನ್ನು ಕೆಲವು ಔಷಧಿಗಳು ಹಳೆಯ ಕರೆಂಟಿನ ಜಾಗವನ್ನು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರವೂ ಕೆಣಕುತ್ತವೆ. ಜೆಮ್‌ಸಿಟಾಬಿನ್, ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋ, ಹೊಸ ಇಮ್ಯುನೋಥೆರಪಿ ಔಷಧಿಗಳು ಈ ಗುಂಪಿನವು. ಹೃದಯ ಬಡಿತಕ್ಕೆ ಕೊಡುವ ಅಮಿಯೊಡರೋನ್ ತಾನೇ ಶ್ವಾಸಕೋಶ ಕೆಡಿಸಬಲ್ಲದು. ಆದ್ದರಿಂದ ಮೊಣಕಾಲಿನ ಆಪರೇಷನ್ನಿಗೆ ಅರಿವಳಿಕೆ ಕೊಡುವವರಿಗೂ, ಹೃದಯದ ವೈದ್ಯರಿಗೂ, ಬೇರೆ ಊರಿನ ಹೊಸ ಕ್ಯಾನ್ಸರ್ ತಜ್ಞರಿಗೂ ಆ ಸಾರಾಂಶದ ಹಾಳೆಯನ್ನು ತೋರಿಸಿ. ಎದೆಗೆ ಕರೆಂಟ್ ಆಗಿ ಹತ್ತು ವರ್ಷವಾಗಿದ್ದರೂ ತೋರಿಸಿ.